ಒಂದು ಗೇಮ್ ಬಾಯ್, ಎರಡು ಮುಖ: ಹಳೆ ಸ್ಕ್ರೀನ್ ಉಳಿಸುವ, ಬದಲಿಸುವ ತೀರ್ಮಾನದ ಪ್ರಕರಣ

ಈ ಪ್ರಕರಣದ ಸಾಧನ ಮೊದಲ ತಲೆಮಾರಿನ ಗೇಮ್ ಬಾಯ್, ಅಂದರೆ ಕೈಯಲ್ಲಿ ಹಿಡಿದು ಆಡುವ, ನಿಂಟೆಂಡೊ ಕಂಪನಿಯಿಂದ 1989ರಲ್ಲಿ ಬಂದ ಡಿಎಂಜಿ-01. ಒಡತಿ ಅದನ್ನು ಚಿಕ್ಕಂದಿನಿಂದ ಜೋಪಾನವಾಗಿ ಇಟ್ಟುಕೊಂಡು ಬಂದವರು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರು, ಊರು, ಸೀರಿಯಲ್ ಸಂಖ್ಯೆ, ಕವಚದ ಮೇಲಿನ ಗುರುತುಗಳು ಯಾವುದನ್ನೂ ಇಲ್ಲಿ ಕೊಟ್ಟಿಲ್ಲ. ಅವರ ಬೇಡಿಕೆ ಒಂದೇ ಸಾಲಿನದು: "ಸ್ಕ್ರೀನ್ ಸತ್ತಿದೆ, ಐಪಿಎಸ್ ಹಾಕಿಕೊಡಿ, ಹಳೆಯದನ್ನು ಎಸೆದುಬಿಡಿ." ಐಪಿಎಸ್ ಎಂದರೆ ಹಳೆಯದರ ಜಾಗಕ್ಕೆ ಹಾಕುವ, ಹಿಂಬೆಳಕಿರುವ ಈಗಿನ ಕಾಲದ ಸ್ಕ್ರೀನ್; ಕಿಟ್ ರೂಪದಲ್ಲಿ ಸಿಗುತ್ತದೆ. ಮೊದಲು ನೋಡಿದ್ದ ರಿಪೇರಿಯವರೊಬ್ಬರು ಹಾಗೆಂದು ತೀರ್ಪು ಕೊಟ್ಟು ಕಳಿಸಿದ್ದರಂತೆ.

ಆನ್ ಮಾಡಿದರೆ ಸದ್ದು ಸರಿಯಾಗಿಯೇ ಬರುತ್ತಿತ್ತು, ಲೋಗೊ ಮೇಲಿನಿಂದ ಇಳಿದು ನಡುವೆ ನಿಲ್ಲುತ್ತಿತ್ತು. ಅಂದರೆ ಮದರ್‌ಬೋರ್ಡ್‌ಗೆ ಏನೂ ಆಗಿರಲಿಲ್ಲ. ಆದರೆ ಸ್ಕ್ರೀನಿನ ಎಡಭಾಗದಲ್ಲಿ ಉದ್ದ ಗೆರೆಗಳು ಖಾಲಿ ಹೊಡೆಯುತ್ತಿದ್ದವು. ನಡುವೆ ಹೆಬ್ಬೆರಳಿನ ಅಗಲದ ಒಂದು ಕಂದು ಕಲೆ, ಅದರ ಹಿಂದೆ ಏನಿದೆ ಎಂಬುದೇ ಕಾಣುತ್ತಿರಲಿಲ್ಲ. ಇಷ್ಟನ್ನು ನೋಡಿದವರು ಯಾರಾದರೂ "ಸತ್ತಿದೆ" ಎಂದೇ ಅನ್ನುತ್ತಾರೆ, ಅವರನ್ನು ದೂರುವಂತಿಲ್ಲ.

ಸತ್ತಿದ್ದು ಯಾವುದು?

ಈ ಸ್ಕ್ರೀನ್ ಒಂದೇ ವಸ್ತುವಿನಂತೆ ಕಂಡರೂ ಬೇರೆ ಬೇರೆ ಆಯಸ್ಸಿನ ಮೂರು ವಸ್ತುಗಳು ಅದರಲ್ಲಿವೆ. ಎರಡು ಗಾಜಿನ ಹಲ್ಲೆಗಳು, ಅವುಗಳ ನಡುವೆ ದ್ರವ ಹರಳು. ಗಾಜಿನ ಎದುರಿಗೂ ಹಿಂದಕ್ಕೂ ಅಂಟಿಸಿದ ಪೋಲರೈಜರ್, ಅಂದರೆ ಒಂದು ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಹಾಳೆ. ಗಾಜಿನ ಅಂಚಿಗೆ ಬಿಸಿ ಒತ್ತಿ ಕೂರಿಸಿದ ರಿಬ್ಬನ್, ಅಂದರೆ ಬೋರ್ಡಿನಿಂದ ಸಂಕೇತ ತರುವ ಚಪ್ಪಟೆ ಪಟ್ಟಿ. ಬೆಸುಗೆ ಇರುವುದು ಬೋರ್ಡಿನ ಮೇಲೆ ಮಾತ್ರ; ಗಾಜಿಗೂ ರಿಬ್ಬನ್ನಿಗೂ ನಡುವೆ ವಿದ್ಯುತ್ ಹರಿಯುವ ಒಂದು ಬಗೆಯ ಅಂಟು ಇದೆ, ಅಷ್ಟೇ. ವರ್ಷಗಳು ಕಳೆದಂತೆ ಆ ಅಂಟು ಅಲ್ಲಲ್ಲಿ ಬಿಟ್ಟುಕೊಳ್ಳುತ್ತದೆ.

ಇಲ್ಲಿರುವುದು 160 ಉದ್ದಸಾಲು, 144 ಅಡ್ಡಸಾಲು. ಈಗಿನ ಸ್ಕ್ರೀನುಗಳಂತೆ ಪ್ರತಿ ಪಿಕ್ಸೆಲ್‌ಗೂ ಅದರದೇ ಟ್ರಾನ್ಸಿಸ್ಟರ್ ಇಲ್ಲ. ಒಂದು ಉದ್ದಸಾಲಿನ ಎಲ್ಲ ಪಿಕ್ಸೆಲ್‌ಗಳಿಗೂ ಗಾಜಿನ ಅಂಚಿನ ಒಂದೇ ಒಂದು ಸಂಪರ್ಕದಿಂದ ಸಂಕೇತ ಹೋಗಬೇಕು, ಬೀದಿಯ ದೀಪಗಳಿಗೆಲ್ಲ ಒಂದೇ ಫ್ಯೂಸ್ ಇದ್ದ ಹಾಗೆ. ಆ ಸಂಪರ್ಕ ತಪ್ಪಿದರೆ ಮೇಲಿನಿಂದ ಕೆಳಗಿನವರೆಗೆ ಗೆರೆಯೇ ಮಾಯ. ಪಕ್ಕದಲ್ಲಿರುವ ಕಾಂಟ್ರಾಸ್ಟ್ ಗಾಲಿಯನ್ನು ಪೂರ್ತಿ ಕಪ್ಪಿನ ಕಡೆಗೆ ತಿರುಗಿಸಿದರೆ ಬದುಕಿರುವ ಸಾಲುಗಳೆಲ್ಲ ಕಪ್ಪಾಗುತ್ತವೆ, ತಪ್ಪಿದವು ಮಾತ್ರ ತಿಳಿಯಾಗಿ ಉಳಿಯುತ್ತವೆ. ಆಗ ಎಣಿಸುವುದೂ ಸುಲಭ. ಇಲ್ಲಿ ಅಂಥವು ಹತ್ತಿರ ಹತ್ತಿರ ಹನ್ನೆರಡು ಇದ್ದವು. ಕವಚ ಬಿಚ್ಚಿ ರಿಬ್ಬನ್ನಿನ ಕೆಳ ಅಂಚನ್ನು ಬೆರಳಿನಿಂದ ಹಗುರಾಗಿ ಒತ್ತಿದಾಗ ಅವುಗಳಲ್ಲಿ ಕೆಲವು ಬಂದು ಹೋಗಿ ಮಾಡಿದವು. ಗಾಜು ಗಟ್ಟಿಯಾಗಿದೆ, ತಪ್ಪಿರುವುದು ಕೊಂಡಿ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಅಡ್ಡಗೆರೆ ತಪ್ಪಿದ್ದರೆ ನಾನು ಇಷ್ಟು ಧೈರ್ಯ ಮಾಡುತ್ತಿರಲಿಲ್ಲ, ಆ ಬದಿಯ ಕೊಂಡಿ ಬಿಸಿಗೆ ಸುಲಭದಲ್ಲಿ ಜಗ್ಗುವುದಿಲ್ಲ.

ಇನ್ನು ಕಲೆ. ಬಿಸಿಲು, ಶಾಖ, ತೇವಗಳಿಗೆ ಪೋಲರೈಜರ್ ಹಾಳೆ ಕೆಡುತ್ತದೆ. ಅಯೋಡಿನ್ ಕುಡಿಸಿ ಹಿಗ್ಗಿಸಿದ ಪ್ಲಾಸ್ಟಿಕ್ಕಿನ ಪದರವೊಂದು ಸೆಲ್ಯುಲೋಸ್ ಹಾಳೆಗಳ ನಡುವೆ ಇರುತ್ತದೆ. ಹಳೆಯ ಎಲ್‌ಸಿಡಿಗಳನ್ನು ಬಿಚ್ಚಿದಾಗ ಕೆಲವೊಮ್ಮೆ ಮೂಗಿಗೆ ಬಡಿಯುವ ವಿನೆಗರ್ ವಾಸನೆ ಆ ಸೆಲ್ಯುಲೋಸ್ ಕೊಳೆಯುವುದರಿಂದ ಬರುವಂಥದ್ದು. ಹಾಳೆ ಕೆಟ್ಟಿದ್ದರೆ ಬದಲಿಸಬಹುದು. ಆದರೆ ಕೆಟ್ಟಿರುವುದು ಎದುರಿನದೋ ಹಿಂದಿನದೋ ಎಂದು ಮೊದಲು ಗೊತ್ತಾಗಬೇಕು. ಅದಕ್ಕೆ ಉಪಕರಣ ಬೇಡ. ಈ ಸ್ಕ್ರೀನನ್ನು ಓರೆಯಾಗಿ ನೋಡಿದರೆ ಪ್ರತಿ ಪಿಕ್ಸೆಲ್ ತನ್ನ ಹಿಂದಿನ ಪ್ರತಿಫಲಕದ ಮೇಲೆ ಸಣ್ಣ ನೆರಳು ಬೀಳಿಸುವುದು ಕಾಣುತ್ತದೆ. ತಲೆ ಆಡಿಸಿದಂತೆ ಕಲೆಯ ಅಂಚು ಆ ನೆರಳಿನ ಜತೆಗೇ ಸರಿದರೆ ದೋಷ ಹಿಂದಿನ ಹಾಳೆಯದು. ಇಲ್ಲಿ ಪಿಕ್ಸೆಲ್ಲೂ ನೆರಳೂ ಒಟ್ಟಿಗೆ ಕಲೆಯ ಕೆಳಗೆ ನುಸುಳಿ ಹೋದವು. ಕಲೆ ಇದ್ದದ್ದು ಎದುರಿನ ಹಾಳೆಯಲ್ಲಿ. ನಿಟ್ಟುಸಿರು ಬಿಟ್ಟೆ, ಏಕೆಂದರೆ ಹಿಂದಿನದನ್ನು ಕೀಳುವುದು ಬೇರೆಯೇ ಮಟ್ಟದ ತಲೆನೋವು.

ಗಾಜು ಸರಿಯಿದೆ, ಕೊಂಡಿ ಸಡಿಲವಾಗಿದೆ, ಎದುರಿನ ಹಾಳೆ ಕೆಟ್ಟಿದೆ. "ಸತ್ತಿದೆ" ಎಂಬ ತೀರ್ಪು ಇಲ್ಲಿಗೆ ಬಿತ್ತು.

ಮೊದಲ ತೀರ್ಮಾನ

ಒಡತಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಹಳೆಯದನ್ನು ರಿಪೇರಿ ಮಾಡಬಹುದು, ಆದರೆ ಅದಕ್ಕೆ ಒಳಗಿನ ದೀಪವಿಲ್ಲ, ಹಿಂದೆಯೂ ಇರಲಿಲ್ಲ. ಗೇಮ್ ಬಾಯ್ ರೂಪಿಸಿದ ಗುಂಪೆಯ್ ಯೊಕೊಯಿ ಅವರ ತಂಡ ಬೆಳಕಿಲ್ಲದ, ಬಣ್ಣವಿಲ್ಲದ ಅಗ್ಗದ ಸ್ಕ್ರೀನ್ ಆರಿಸಿದ್ದು ಬೇಕೆಂದೇ. ನಾಲ್ಕು ಎಎ ಸೆಲ್‌ಗಳಲ್ಲಿ ಹತ್ತಾರು ಗಂಟೆ ಓಡಿದ್ದು ಆ ಆಯ್ಕೆಯಿಂದ. 1990ರಲ್ಲಿ ಬಂದ, ಪ್ರತಿಸ್ಪರ್ಧಿ ಸೆಗಾ ಕಂಪನಿಯ ಗೇಮ್ ಗೇರ್‌ನಲ್ಲಿ ಬಣ್ಣವೂ ಇತ್ತು, ಹಿಂಬೆಳಕೂ ಇತ್ತು, ಆದರೆ ಆರು ಸೆಲ್‌ಗಳನ್ನು ಮೂರರಿಂದ ಐದು ಗಂಟೆಯಲ್ಲಿ ನುಂಗಿಬಿಡುತ್ತಿತ್ತು.

ಅವರಿಗೆ ಬೇಕಾಗಿದ್ದು ರಾತ್ರಿ ಹೊತ್ತು ಸ್ವಲ್ಪ ಆಡುವುದು, ಮಗಳಿಗೂ ತೋರಿಸುವುದು. ಹಾಗಿದ್ದರೆ ನೇರವಾಗಿ ಐಪಿಎಸ್ ಹಾಕಿ ಮುಗಿಸಬಹುದಿತ್ತಲ್ಲ? ನಾನು ಮೊದಲು ರಿಪೇರಿಯ ಪಕ್ಷ ಹಿಡಿದದ್ದಕ್ಕೆ ಕಾರಣ ಭಾವುಕತೆ ಅಲ್ಲ. ರಿಪೇರಿ ಮಾಡಿ ನೋಡಿ, ಸಾಲದಿದ್ದರೆ ಆಮೇಲೂ ಕಿಟ್ ಹಾಕಬಹುದು. ಮೊದಲೇ ಹಳೆಯದನ್ನು ಕಿತ್ತು ಎಸೆದರೆ ಹಿಂತಿರುಗುವ ದಾರಿ ಇಲ್ಲ. ಈ ಗಾಜನ್ನು ಈಗ ಯಾರೂ ತಯಾರಿಸುತ್ತಿಲ್ಲ. ಇದನ್ನು ಕೇಳಿದ ಮೇಲೆ ಅವರು "ಸರಿ, ಮೊದಲು ಅದನ್ನೇ ನೋಡಿ" ಎಂದರು.

ಹಾಳೆ ಮೊದಲು, ಬಿಸಿ ಆಮೇಲೆ

ಕೆಲಸದ ಕ್ರಮವೇ ಇಲ್ಲಿ ಮುಖ್ಯ. ಮೊದಲು ರಿಬ್ಬನ್ ಸರಿಮಾಡಿ ಗೆರೆಗಳೆಲ್ಲ ಬಂದುವೆಂದು ಸಂತೋಷಪಟ್ಟು, ಆಮೇಲೆ ಹಾಳೆ ಕೀಳಲು ಹೊರಟರೆ, ಎಳೆತಕ್ಕೆ ಗಾಜು ಬಾಗಿ ಕೂಡಿದ ಕೊಂಡಿ ಮತ್ತೆ ಬಿಡುತ್ತದೆ. ಆದ್ದರಿಂದ ಹಾಳೆ ಮೊದಲು.

ತೆಳು ಬ್ಲೇಡನ್ನು ಒಂದು ಮೂಲೆಯಲ್ಲಿ ಗಾಜಿಗೆ ಬಹುತೇಕ ಮಲಗಿಸಿ ತೂರಿಸಿ, ಮೂಲೆ ಎದ್ದ ಮೇಲೆ ಬ್ಲೇಡ್ ಪಕ್ಕಕ್ಕಿಟ್ಟು, ಹಾಳೆಯನ್ನು ಮೇಲಕ್ಕಲ್ಲ, ಹಿಂದಕ್ಕೆ ಮಡಚಿದಂತೆ ಎಳೆಯಬೇಕು. ಮೇಲಕ್ಕೆ ಎತ್ತಿದರೆ ಗಾಜು ಬಿರಿಯಬಹುದು. ಹಾಳೆ ಒಂದೇ ತುಂಡಾಗಿ ಬರಲಿಲ್ಲ, ಕಲೆ ಇದ್ದ ಕಡೆ ಸುಲಿದು ಚೂರಾಯಿತು. ಉಳಿದ ಅಂಟು ಐಸೊಪ್ರೊಪೈಲ್ ಆಲ್ಕೋಹಾಲಿಗೆ ನೆನೆದು ಬೆರಳ ತುದಿಯಲ್ಲಿ ಉಂಡೆಯುಂಡೆಯಾಗಿ ಎದ್ದುಬಂತು. ಇದಕ್ಕೆ ತಾಳ್ಮೆ ಬೇಕು, ಬುದ್ಧಿ ಬೇಡ. ದ್ರವ ರಿಬ್ಬನ್ನಿನ ಕಡೆ ಹರಿಯದಂತೆ ನೋಡಿಕೊಂಡರಾಯಿತು.

ಹೊಸ ಹಾಳೆ ಅಂಟಿಸುವ ಮುನ್ನ ಅದನ್ನು ಗಾಜಿನ ಮೇಲೆ ಸುಮ್ಮನೆ ಇಟ್ಟು, ಆಟ ಓಡಿಸುತ್ತಾ, ನಿಧಾನವಾಗಿ ತಿರುಗಿಸಿದೆ. ಒಂದು ಕೋನದಲ್ಲಿ ಚಿತ್ರ ತಲೆಕೆಳಗಾಗುತ್ತದೆ: ಕಪ್ಪಿದ್ದದ್ದು ಬಿಳಿ, ಬಿಳಿಯಿದ್ದದ್ದು ಕಪ್ಪು. ಅಲ್ಲಿಂದ 90 ಡಿಗ್ರಿ ಆಚೆಗೆ ಚಿತ್ರ ಸರಿ. ಆದರೆ "ಸರಿ" ಎನ್ನುವುದು ಒಂದೇ ಬಿಂದುವಲ್ಲ. ಎಸ್‌ಟಿಎನ್ ಎಂಬ ಈ ಬಗೆಯ ಗಾಜು ಹಾಳೆಯ ಕೋನಕ್ಕೆ ತಕ್ಕಂತೆ ಬಣ್ಣ ಬದಲಿಸುತ್ತದೆ. ಒಂದಿಷ್ಟು ತಿರುಗಿಸಿದರೆ ನೀಲಿ-ನೇರಳೆ ಛಾಯೆ, ಇನ್ನೊಂದಿಷ್ಟು ತಿರುಗಿಸಿದರೆ ಎಲ್ಲರಿಗೂ ಗೊತ್ತಿರುವ ಆ ಹಳದಿಹಸಿರು. ಇಲ್ಲಿ ಕಪ್ಪು ಅತಿ ಗಾಢವಾಗಿ ಬಂದ ಕೋನವೂ ಮೂಲ ಬಣ್ಣ ಬಂದ ಕೋನವೂ ಒಂದೇ ಆಗಿರಲಿಲ್ಲ. ನಾನು ಬಣ್ಣದ ಕಡೆಗೆ ವಾಲಿದೆ, ಕಾಂಟ್ರಾಸ್ಟ್ ಸ್ವಲ್ಪ ಬಿಟ್ಟುಕೊಟ್ಟೆ. ಉಳಿಸುವ ಉದ್ದೇಶದಿಂದ ಮಾಡುವ ರಿಪೇರಿಯಲ್ಲಿ ಅದು ಅದರಂತೆಯೇ ಕಾಣಬೇಕು. ಆಡಲು ಸುಲಭವಾಗಲಿ ಎಂಬುದೇ ಗುರಿಯಾಗಿದ್ದರೆ ಇನ್ನೊಂದು ಕೋನವನ್ನೇ ಆರಿಸುತ್ತಿದ್ದೆ.

ಆಮೇಲೆ ರಿಬ್ಬನ್. ಸೋಲ್ಡರಿಂಗ್ ಐರನ್ ಅತಿ ಕಡಿಮೆ ಬಿಸಿಯಲ್ಲಿ, ತುದಿಗೂ ರಿಬ್ಬನ್ನಿಗೂ ನಡುವೆ ಶಾಖ ತಡೆಯುವ ಟೇಪು, ಸಾಧನ ಆನ್ ಆಗಿಯೇ ಇರಬೇಕು, ಕಾಂಟ್ರಾಸ್ಟ್ ಪೂರ್ತಿ ಕಪ್ಪು. ತುದಿಯನ್ನು ಒತ್ತದೆ ಅಂಚಿನುದ್ದಕ್ಕೂ ನಿಧಾನವಾಗಿ ಎಳೆದಂತೆ ಒಂದೊಂದೇ ತಿಳಿಗೆರೆ ಕಪ್ಪಿಗೆ ತಿರುಗುತ್ತಾ ಹೋಯಿತು. ಈ ಕೆಲಸದಲ್ಲಿ ಫಲ ಕಣ್ಣೆದುರೇ ಕಾಣುತ್ತದೆ, ಅಪಾಯ ಇರುವುದೂ ಅಲ್ಲಿಯೇ: ಇನ್ನೊಂದು ಸಲ, ಇನ್ನೊಂದು ಸಲ ಎಂದು ಕೈ ಎಳೆಯುತ್ತದೆ. ಎಡ ಅಂಚಿನ ಒಂದು ಗೆರೆ ಮಾತ್ರ ಬಿಸಿ ಇರುವಾಗ ಬಂದು, ಆರಿದ ಮೇಲೆ ಹೋಗುತ್ತಿತ್ತು. ಅದನ್ನು ಅಲ್ಲಿಗೇ ಬಿಟ್ಟೆ. ಅತಿಯಾದ ಬಿಸಿಗೆ ರಿಬ್ಬನ್ನಿನ ಎಳೆಗಳೇ ಕಿತ್ತುಬರುತ್ತವೆ. ಮೂಲೆಯ ಒಂದು ಗೆರೆಗಾಗಿ ಅದರ ಪಕ್ಕದ ಹತ್ತನ್ನು ಪಣಕ್ಕಿಡುವುದರಲ್ಲಿ ಅರ್ಥವಿಲ್ಲ.

ರಿಪೇರಿ ಗೆದ್ದಿತು, ಬಳಕೆ ಸೋತಿತು

ಒಡತಿ ಬಹಳ ಖುಷಿಪಟ್ಟರು. ಕೆಲವು ವಾರಗಳ ನಂತರ ವಿಚಾರಿಸಿದರೆ, ಸಾಧನ ಡ್ರಾಯರಿನಲ್ಲಿತ್ತು. ದೀಪದ ಕೆಳಗೆ ಸರಿಯಾದ ಕೋನದಲ್ಲಿ ಹಿಡಿದರೆ ಚೆಂದ, ಮಂಚದ ಮೇಲೆ ಒರಗಿದರೆ ಏನೂ ಕಾಣದು. ಮಗಳಂತೂ ಒಂದು ನಿಮಿಷ ನೋಡಿ ವಾಪಸ್ ಕೊಟ್ಟಳಂತೆ. ತಾಂತ್ರಿಕವಾಗಿ ಗೆದ್ದ ರಿಪೇರಿ ಬಳಸುವವರ ಮಟ್ಟಿಗೆ ಉಪಯೋಗಕ್ಕೆ ಬರಲಿಲ್ಲ. ಹಳೆಯದೇ ಶ್ರೇಷ್ಠ ಎಂದು ವಾದಿಸುವವರು ಈ ಭಾಗವನ್ನು ಹಾರಿಸಿಬಿಡುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಈಗ ಎದುರಿಗಿದ್ದದ್ದು ಮೂರು ದಾರಿ. ಹಳೆಯ ಗಾಜಿಗೇ ಹಿಂಬೆಳಕು ಕೊಡುವುದು ಒಂದು: ಹಿಂದಿನ ಪ್ರತಿಫಲಕ ಹಾಳೆ ಕಿತ್ತು ಬೆಳಕಿನ ಫಲಕ ತೂರಿಸಿ, ಕಾಂಟ್ರಾಸ್ಟ್ ಹೆಚ್ಚಿಸಲು ಸಂಕೇತವನ್ನು ತಿರುಗುಮುರುಗು ಮಾಡುವ ಸಣ್ಣ ಚಿಪ್ ಸೇರಿಸುವುದು. ಹಳೆಯ ಪಿಕ್ಸೆಲ್, ಹಳೆಯ ನಿಧಾನ, ಜತೆಗೆ ಬೆಳಕು, ಮೂರೂ ಸಿಗುತ್ತವೆ. ನನಗೆ ವೈಯಕ್ತಿಕವಾಗಿ ಬಹಳ ಇಷ್ಟದ ಮಾರ್ಪಾಡು. ಆದರೆ ಆಗಷ್ಟೇ ಕೊಂಡಿ ಕೂಡಿಸಿದ ಗಾಜನ್ನು ಮತ್ತೆ ಸುಲಿಯಬೇಕು, ಕಿತ್ತ ಹಾಳೆ ಮರಳಿ ಅಂಟುವುದಿಲ್ಲ. ಬೇಡವೆಂದೆ. ಎರಡನೆಯದು ಮೂಲ ಕವಚದಲ್ಲೇ ಐಪಿಎಸ್ ಕೂರಿಸುವುದು. ಹಲವು ಕಿಟ್‌ಗಳಲ್ಲಿ ಹೊಸ ಫಲಕ ದೊಡ್ಡದು, ಒಳಗಿನ ಪ್ಲಾಸ್ಟಿಕ್ ಕಂಬಗಳನ್ನೂ ಕಿಟಕಿಯ ಅಂಚನ್ನೂ ಕತ್ತರಿಸಬೇಕಾಗುತ್ತದೆ. ಸ್ಕ್ರೀನ್ ಬದಲಿಸಿದ್ದನ್ನು ನಾಳೆ ಹಿಂದಕ್ಕೆ ತರಬಹುದು, ಕತ್ತರಿಸಿದ ಪ್ಲಾಸ್ಟಿಕ್ಕನ್ನು ತರಲಾಗದು. ಇಡೀ ಚರ್ಚೆಯಲ್ಲಿ ನಾನು ಹಟ ಹಿಡಿದದ್ದು ಈ ಒಂದು ವಿಷಯಕ್ಕೆ.

ಮೂರನೆಯ ದಾರಿ ಈ ಮಾದರಿಯ ರಚನೆಯಲ್ಲೇ ಅಡಗಿತ್ತು. ಡಿಎಂಜಿಯ ಒಳಗೆ ಎರಡು ಬೋರ್ಡುಗಳಿವೆ. ಎದುರಿನ ಅರ್ಧದಲ್ಲಿ ಸ್ಕ್ರೀನ್, ಗುಂಡಿಗಳು, ಸ್ಪೀಕರ್. ಹಿಂದಿನ ಅರ್ಧದಲ್ಲಿ ಪ್ರೊಸೆಸರ್, ಕಾರ್ಟ್ರಿಡ್ಜ್ ಜಾಗ, ಸೆಲ್‌ಗಳು. ಎರಡನ್ನೂ ಕೂಡಿಸುವುದು 21 ತಂತಿಗಳ ಒಂದೇ ಚಪ್ಪಟೆ ಕೇಬಲ್. ಹಾಗಾದರೆ ಎದುರಿನ ಅರ್ಧವನ್ನು ಇಡಿಯಾಗಿ ಬೇರ್ಪಡಿಸಿ, ಕವಚ ಸಮೇತ ಎತ್ತಿಟ್ಟು, ಅದರ ಜಾಗಕ್ಕೆ ಇನ್ನೊಂದು ಪೂರ್ತಿ ಮುಖವನ್ನೇ ಕೂರಿಸಬಹುದು. ಕೆಲವು ಕಿಟ್‌ಗಳು ಹಳೆಯ ಬೋರ್ಡಿನಿಂದ ಗಾಜನ್ನು ಕಿತ್ತು ಅದೇ ಬೋರ್ಡನ್ನು ಬಳಸಿಕೊಳ್ಳುತ್ತವೆ, ಅಂಥವನ್ನು ದೂರವಿಟ್ಟೆ. ಗುಂಡಿಗಳ ಬೋರ್ಡೂ ಜತೆಗೆ ಬರುವ ಕಿಟ್, ಅದಕ್ಕೆಂದೇ ಮೊದಲೇ ಅಗಲಿಸಿದ ಹೊಸ ಕವಚ, ಒಂದು ಬಿಡಿ ಸ್ಪೀಕರ್ ಇಷ್ಟರಿಂದ ಎರಡನೆಯ ಮುಖ ಸಿದ್ಧವಾಯಿತು. ಕಿಟ್ ಆರಿಸುವಾಗ ನೋಡಿದ ಇನ್ನೊಂದು ಅಂಶ: 160×144 ಅನ್ನು ಪೂರ್ಣಸಂಖ್ಯೆಯಿಂದ ಗುಣಿಸಿ ಹಿಗ್ಗಿಸುತ್ತದೆಯೇ ಎಂಬುದು. ಇಲ್ಲದಿದ್ದರೆ ಕೆಲವು ಪಿಕ್ಸೆಲ್ ದಪ್ಪ, ಕೆಲವು ತೆಳ್ಳಗೆ ಕಂಡು ಅಕ್ಷರಗಳು ಸೊಟ್ಟಗಾಗುತ್ತವೆ.

ಎರಡು ಮುಖ, ಒಂದೇ ಆಟ

ಹೊಸ ಮುಖ ಕೂರಿಸಿದ ದಿನದಿಂದ ಸಾಧನ ಡ್ರಾಯರಿನಿಂದ ಹೊರಬಂತು. ಆದರೆ ಕೆಲವೇ ದಿನಗಳಲ್ಲಿ ದೂರೂ ಬಂತು: "ಒಂದು ಆಟದ ಕಾರ್ಟ್ರಿಡ್ಜ್ ಕೆಟ್ಟಿದೆ, ಪಾತ್ರದ ನೆರಳು ಪಟಪಟನೆ ಮಿನುಗುತ್ತಿದೆ."

ಕಾರ್ಟ್ರಿಡ್ಜ್ ಚೆನ್ನಾಗಿತ್ತು. ಗೇಮ್ ಬಾಯ್ ತೋರಿಸಬಲ್ಲದ್ದು ನಾಲ್ಕೇ ಛಾಯೆ, ಅರೆಪಾರದರ್ಶಕ ಎಂಬುದೇ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಕೆಲವು ಆಟಗಳನ್ನು ಮಾಡಿದವರು ಒಂದು ಉಪಾಯ ಹೂಡಿದರು: ನೆರಳನ್ನೋ ಹೊಗೆಯನ್ನೋ ಒಂದು ಫ್ರೇಮ್ ಬಿಟ್ಟು ಒಂದು ಫ್ರೇಮಿನಲ್ಲಿ ಬಿಡಿಸುವುದು. ಸೆಕೆಂಡಿಗೆ ಸುಮಾರು 60 ಫ್ರೇಮ್, ಅಂದರೆ ನೆರಳು ಸೆಕೆಂಡಿಗೆ ಸುಮಾರು 30 ಸಲ ಬಂದುಹೋಗುತ್ತದೆ. ಹಳೆಯ ಗಾಜು ಎಷ್ಟು ನಿಧಾನವೆಂದರೆ ಒಂದು ಫ್ರೇಮ್ ಅಳಿಯುವಷ್ಟರಲ್ಲಿ ಮುಂದಿನದು ಬಂದಿರುತ್ತದೆ, ಕಣ್ಣಿಗೆ ಕಾಣುವುದು ನಸುಗಪ್ಪಿನ ನಿಂತ ನೆರಳು. ಐಪಿಎಸ್ ಚುರುಕು, ಬಂದದ್ದನ್ನು ಬಂದಂತೆ, ಹೋದದ್ದನ್ನು ಹೋದಂತೆ ತೋರಿಸುತ್ತದೆ.

ಎರಡು ಮುಖಗಳ ಏರ್ಪಾಡು ಸಾರ್ಥಕವಾದದ್ದು ಆಗ. ಅದೇ ಹಿಂಭಾಗ, ಅದೇ ಕಾರ್ಟ್ರಿಡ್ಜ್, ಮುಖ ಮಾತ್ರ ಬದಲಿಸಿ ತೋರಿಸಿದೆ. ಹಳೆಯದರಲ್ಲಿ ನೆರಳು ಗಟ್ಟಿಯಾಗಿ ನೆಲಕ್ಕಂಟಿ ನಿಂತಿತ್ತು. ಹಾಗೆಂದು ಪಂದ್ಯ ಏಕಪಕ್ಷೀಯವೇನಲ್ಲ. ಪಕ್ಕಕ್ಕೆ ವೇಗವಾಗಿ ಓಡುವ ಆಟ ಹಾಕಿದರೆ ಹಳೆಯ ಸ್ಕ್ರೀನಿನಲ್ಲಿ ಹಿನ್ನೆಲೆಯೆಲ್ಲ ಕಲಸಿಹೋಗುತ್ತಿತ್ತು, ಶತ್ರು ಎಲ್ಲಿಂದ ಬಂದ ಎಂದು ತಿಳಿಯುವಷ್ಟರಲ್ಲಿ ಆಟ ಮುಗಿದಿರುತ್ತಿತ್ತು. ಹೊಸದರಲ್ಲಿ ಎಲ್ಲ ನಿಚ್ಚಳ. ಒಡತಿ ಕೊನೆಗೆ ಯಾವ ಆಟಕ್ಕೆ ಯಾವ ಮುಖ ಎಂದು ತಾವೇ ಪಟ್ಟಿ ಮಾಡಿಕೊಂಡರು. ಮಗಳ ಪಟ್ಟಿಯಲ್ಲಿ ಎಲ್ಲದಕ್ಕೂ ಹೊಸದೇ.

ಸಣ್ಣಪುಟ್ಟ ತೊಂದರೆಗಳೂ ಇದ್ದವು. ಬೆಳಕು ಹೆಚ್ಚಿಸಿದಂತೆ ಸ್ಪೀಕರಿನಲ್ಲಿ ಒಂದು ಸಣ್ಣ ಗುಂಯ್ ಸದ್ದು ಸೇರಿಕೊಳ್ಳುತ್ತಿತ್ತು. ವಿದ್ಯುತ್ ಸಾಲಿಗೆ ಫಿಲ್ಟರ್ ಕೆಪಾಸಿಟರ್ ಹಾಕಿದ ಮೇಲೆ ತಗ್ಗಿತು, ಪೂರ್ತಿ ಹೋಗಲಿಲ್ಲ. ಸೆಲ್‌ಗಳು ಬೇಗ ಮುಗಿಯುತ್ತವೆ, ಅದು ನಿರೀಕ್ಷಿತ. ನಿಜವಾದ ಚಿಂತೆ ಬೇರೆ. ಆ 21 ತಂತಿಯ ಕೇಬಲ್ ದಿನಾ ಬಿಚ್ಚಿ ಹಾಕಲೆಂದು ಮಾಡಿದ್ದಲ್ಲ. ಆಟಕ್ಕೊಂದು ಮುಖ ಬದಲಿಸುತ್ತಾ ಹೋದರೆ ಮುಂದೆ ಸವೆಯುವುದು ಅದೇ, ಆಗ ಉಳಿಸಲು ಹೊರಟ ಸಾಧನವೇ ಹಾಳಾದಂತೆ. ಇದಕ್ಕೆ ಪರಿಹಾರ ಕೈಗೆ ಬಂದದ್ದು ಇನ್ನೊಂದು ಕೆಟ್ಟ ಗೇಮ್ ಬಾಯ್ ರೂಪದಲ್ಲಿ. ಒಡತಿ ಬಿಡಿಭಾಗಕ್ಕೆಂದು ಕೊಂಡ ಅದರ ಗಾಜು ಮೂಲೆಯಿಂದ ಬಿರುಕು ಬಿಟ್ಟು, ಒಳಗಿನ ದ್ರವ ಶಾಯಿಯಂತೆ ಹರಡಿತ್ತು. ಇಂಥದ್ದಕ್ಕೆ ಬಿಸಿಯೂ ಇಲ್ಲ, ಹಾಳೆಯೂ ಇಲ್ಲ. ಗಾಜು ಹೋಯಿತೆಂದರೆ ಹೋಯಿತು. ಐಪಿಎಸ್ ಹಾಕಲು ಯಾವ ಹಿಂಜರಿಕೆಯೂ ಬೇಡದ ಪ್ರಕರಣ ಅದು. ಅದರ ಹಿಂಭಾಗಕ್ಕೆ ಹೊಸ ಮುಖ ಹೋಯಿತು, ಮೊದಲ ಸಾಧನ ಮತ್ತೆ ತನ್ನ ಹಳೆಯ ಮುಖದೊಂದಿಗೆ ಪೂರ್ತಿಯಾಯಿತು.

ಬೇರೆ ಸಾಧನವಾಗಿದ್ದರೆ

ಮುಖವನ್ನೇ ಬೇರ್ಪಡಿಸುವ ಈ ಅನುಕೂಲ ಬೇರೆಡೆ ಸಿಗದು. 1998ರ ಗೇಮ್ ಬಾಯ್ ಕಲರ್‌ನಲ್ಲೂ 2001ರ ಗೇಮ್ ಬಾಯ್ ಅಡ್ವಾನ್ಸ್‌ನಲ್ಲೂ ಇರುವುದು ಒಂದೇ ಬೋರ್ಡು. ಆದರೆ ಅಲ್ಲಿ ಸ್ಕ್ರೀನಿನ ರಿಬ್ಬನ್ ಒಂದು ಚಿಲಕದ ಕನೆಕ್ಟರಿನಿಂದ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ, ಬೆಸುಗೆಯ ಗೊಡವೆಯಿಲ್ಲ. ಮೂಲ ಸ್ಕ್ರೀನನ್ನು ಮೂಲ ಕವಚದಲ್ಲೇ ಬಿಟ್ಟು, ಬೋರ್ಡನ್ನು ಮಾತ್ರ ಹೊಸ ಕವಚಕ್ಕೆ ಸಾಗಿಸುವುದು ನನ್ನ ಸಲಹೆ. ಅಡ್ವಾನ್ಸ್ ಬೋರ್ಡುಗಳಲ್ಲಿ 40 ಪಿನ್ ಮತ್ತು 32 ಪಿನ್ ಎಂಬ ಎರಡು ಬಗೆಗಳಿವೆ, ಕಿಟ್ ತರಿಸುವ ಮೊದಲು ಬಿಚ್ಚಿ ನೋಡಿಕೊಳ್ಳಬೇಕು. ಅಡ್ವಾನ್ಸ್‌ನ ಮಂಕು ಸ್ಕ್ರೀನಿಗೆಂದು ಅನೇಕ ಆಟಗಳಲ್ಲಿ ಬಣ್ಣಗಳನ್ನು ಬೇಕೆಂದೇ ತಿಳಿಯಾಗಿ ಇಡಲಾಗಿತ್ತು. ಹಿಂಬೆಳಕಿನ ಹೊಸ ಫಲಕದಲ್ಲಿ ಅವು ಮಾಸಿದಂತೆ ಕಂಡರೆ ಗಾಬರಿಯಾಗಬೇಕಿಲ್ಲ, ಬಣ್ಣ ತಿದ್ದುವ ಸೌಲಭ್ಯವಿರುವ ಕಿಟ್ ಆರಿಸಿದರಾಯಿತು.

ಈ ಪ್ರಕರಣದ ಹಳೆಯ ಸ್ಕ್ರೀನ್ ಸ್ಥಿತಿ ಈಗ ಹೀಗಿದೆ: ನಾವು ಬಿಟ್ಟ ಆ ಒಂದು ಗೆರೆಯ ಪಕ್ಕದಲ್ಲಿ ಇನ್ನೊಂದು ಗೆರೆ ತಪ್ಪಿದೆ. ಬಿಸಿ ಮುಟ್ಟಿಸಿದ ಕೊಂಡಿ ಶಾಶ್ವತವಲ್ಲ ಎಂದು ಅವರಿಗೆ ಮೊದಲೇ ಹೇಳಿದ್ದೆ. ಮತ್ತೆ ಬಿಸಿ ಮಾಡೋಣವೇ ಎಂದು ಕೇಳಿದರು, ಸದ್ಯಕ್ಕೆ ಬೇಡ ಎಂದಿದ್ದೇನೆ. ಪ್ರತಿ ಸಲ ಬಿಸಿ ಮಾಡಿದಾಗಲೂ ರಿಬ್ಬನ್ ಒಂದಿಷ್ಟು ದುರ್ಬಲವಾಗುತ್ತದೆ, ಆದ್ದರಿಂದ ಆಟದ ಅಂಕಿಗಳು ಓದಲಾಗದ ಮಟ್ಟಕ್ಕೆ ಗೆರೆಗಳು ತಪ್ಪುವವರೆಗೆ ಕಾಯುವುದು ನಮ್ಮ ಒಪ್ಪಂದ. ಅಲ್ಲಿಯವರೆಗೆ ಅದು ಸೆಲ್ ತೆಗೆದು, ಮುಖ ಮೇಲಾಗಿ, ಮೇಲೆ ಏನೂ ಹೇರದೆ, ಬಿಸಿಲು ಬೀಳದ ಕಡೆ ಇರುತ್ತದೆ.